ಓದುಗರ ರೊಕ್ಕದ ಮೇಲೆ ನಿಂತ ವಾರಪತ್ರಿಕೆ

ಬೆಂಗಳೂರಿನಲ್ಲಿ ಅಚ್ಚಾದ ಒಂದು ವಾರಪತ್ರಿಕೆಯ ಚರಿತ್ರೆ ರಾಯಚೂರು ಸೀಮೆಯ ಯಾಪಲದಿನ್ನಿಯ ಸ್ಮರಣ ಸಂಚಿಕೆಯಲ್ಲಿ ಯಾಕೆ ಎಂದು ಸಂಪಾದಕ ಮಂಡಳಿಯ ಗೆಳೆಯರೊಬ್ಬರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ‘ಲಂಕೇಶ್ ಪತ್ರಿಕೆ’ಯ ಸಂಪಾದಕ ಶಿವಮೊಗ್ಗ ಸೀಮೆಯವರು, ಕಚೇರಿ ಬೆಂಗಳೂರಿನದು. ಅಲ್ಲಿಂದ ರಾಯಚೂರಿಗೆ ನಾನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಆದರೂ ಆ ಪತ್ರಿಕೆಯ ಜಮಾಖರ್ಚಿನಲ್ಲಿ ನಮ್ಮ ಊರುಗಳ ಪಾಲು ಇದೆ. ಜಾಹೀರಾತು ಹಾಕದೆ, ಮಾರಾಟದ ಹಣದಿಂದಲೇ ಎರಡು ದಶಕ ಬದುಕಿದ ಪತ್ರಿಕೆ ಅದು. ಆ ಹಣ ಬಂದದ್ದು ರಾಯಚೂರು, ಮಾನ್ವಿ, ದೇವದುರ್ಗದಂಥ ಊರುಗಳ ಬಸ್ ನಿಲ್ದಾಣದ ಅಂಗಡಿಗಳಿಂದಲೂ ಹೌದು. ಹಾಗಾಗಿ ಇದು ಅದನ್ನು ಸಾಕಿದವರ ಚರಿತ್ರೆಯೂ ಆಗಬೇಕು.

ಪತ್ರಿಕೆಯೊಂದು ರಾಜಕೀಯ, ಸಾಹಿತ್ಯ, ಸಮಾಜ ಸುಧಾರಣೆ ಮೂರನ್ನೂ ಒಂದೇ ಚೀಲದಲ್ಲಿ ಹೊರುವುದು ರಾಯಚೂರಿಗೆ ಹೊಸದೇನೂ ಆಗಿರಲಿಲ್ಲ. 1920ರ ದಶಕದಲ್ಲಿ ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದರು. ನಿಜಾಮನ ಆಳ್ವಿಕೆಯಲ್ಲಿ, ಉರ್ದು ರಾಜಭಾಷೆಯಾಗಿದ್ದ ಕಾಲದಲ್ಲಿ, ಹಿಂದೂ ಮುಸ್ಲಿಂ ಮಕ್ಕಳು ಒಟ್ಟಿಗೆ ಕೂತು ಕಲಿಯುವ ರಾಷ್ಟ್ರೀಯ ಶಾಲೆ ನಡೆಸುವುದು ಸಣ್ಣ ಮಾತಲ್ಲ. ಆಮೇಲೆ ಅವರು ಹೊಳೆ ದಾಟಿ ತುಂಗಭದ್ರೆಯ ದಂಡೆಯಲ್ಲಿ ಪ್ರೇಮಾಯತನ ಆಶ್ರಮ ಮಾಡಿಕೊಂಡರು, ‘ಪ್ರೇಮ’ ಎಂಬ ಕನ್ನಡ ಪತ್ರಿಕೆಯನ್ನೂ ನಡೆಸಿದರು. ತಾರಾನಾಥರು ಹೋದದ್ದು 1942ರಲ್ಲಿ. ಅವರ ಹೆಸರಿನ ಶಿಕ್ಷಣ ಸಂಸ್ಥೆ ಇವತ್ತಿಗೂ ರಾಯಚೂರಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದೆ. ಅವರ ಮಗ, ಸರೋದ್ ವಾದಕ ರಾಜೀವ ತಾರಾನಾಥರು, ಲಂಕೇಶರ ಮೊದಲ ಸಿನಿಮಾ ‘ಪಲ್ಲವಿ’ಗೆ ಸಂಗೀತ ಕೊಟ್ಟವರು. ‘ಪಲ್ಲವಿ’ 1976ರ ಶ್ರೇಷ್ಠ ನಿರ್ದೇಶಕ ರಾಷ್ಟ್ರಪ್ರಶಸ್ತಿಯನ್ನು ಲಂಕೇಶರಿಗೆ ತಂದಿತು. ತುಂಗಭದ್ರೆಯ ದಂಡೆಯಲ್ಲಿ ಬೆಳೆದ ಹುಡುಗನೂ ಕೊನಗವಳ್ಳಿಯ ರೈತನ ಮಗ ಲಂಕೇಶರೂ ಕೂಡಿದ್ದು ಪತ್ರಿಕೆಗಿಂತ ಮೊದಲು ಸಿನಿಮಾದಲ್ಲಿ.

ಪಾಳ್ಯದ ಲಂಕೇಶ್ ಹುಟ್ಟಿದ್ದು 1935ರ ಮಾರ್ಚ್ 8ರಂದು. ಇಂಗ್ಲಿಷ್ ಮೇಷ್ಟ್ರು, ಕವಿ, ಕತೆಗಾರ, ‘ಸಂಕ್ರಾಂತಿ’ಯಂಥ ನಾಟಕ ಬರೆದವರು, ‘ಸಂಸ್ಕಾರ’ ಸಿನಿಮಾದಲ್ಲಿ ನಾರಣಪ್ಪನಾಗಿ ನಟಿಸಿದವರು. ಕಾಲೇಜಿನ ನೌಕರಿ ಬಿಟ್ಟ ಮೇಲೆ, ನಲವತ್ತೈದರ ವಯಸ್ಸಿನಲ್ಲಿ, 1980ರ ಜುಲೈನಲ್ಲಿ ಪತ್ರಿಕೆ ಶುರು ಮಾಡಿದರು. ಆಗ ಕರ್ನಾಟಕ ಕುದಿಯುತ್ತಿತ್ತು. ಬಂಡಾಯ ಸಾಹಿತ್ಯ ಸಂಘಟನೆ ಹಿಂದಿನ ವರ್ಷವಷ್ಟೇ ಹುಟ್ಟಿತ್ತು. ದಲಿತ ಸಂಘರ್ಷ ಸಮಿತಿ ಜಿಲ್ಲೆ ಜಿಲ್ಲೆಗೆ ಹಬ್ಬುತ್ತಿತ್ತು. ಪತ್ರಿಕೆಗೆ ಇನ್ನೂ ಒಂದು ತಿಂಗಳೂ ತುಂಬಿರಲಿಲ್ಲ, ಜುಲೈ 21ರಂದು ನರಗುಂದ ನವಲಗುಂದದಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಗೋಲಿಬಾರ್ ಆಯಿತು. ಅದೇ ವರ್ಷ ರೈತ ಸಂಘ ಕಟ್ಟಿಕೊಂಡಿತು. ಮುಖ್ಯಮಂತ್ರಿ ಗುಂಡೂರಾಯರು ಪತ್ರಕರ್ತರನ್ನು ಅರಬ್ಬಿ ಸಮುದ್ರಕ್ಕೆ ಎಸೆಯುವ ಮಾತಾಡಿ ಹೆಸರಾದವರು. ಇಂಥ ಹೊತ್ತಿನಲ್ಲಿ ಅಧಿಕಾರಸ್ಥರನ್ನು ಅವರ ಅಡ್ಡಹೆಸರಿನಿಂದಲೇ ಕರೆದು, ಅವರ ಮುಖಕ್ಕೆ ನೇರವಾಗಿ ಮಾತಾಡುವ ಪತ್ರಿಕೆ ಬಂದರೆ ಜನ ಬಿಡುತ್ತಾರೆಯೇ? ಮಾರಾಟ ಲಕ್ಷ ದಾಟಿತು. 1983ರ ಜನವರಿಯ ಚುನಾವಣೆಯಲ್ಲಿ ಗುಂಡೂರಾವ್ ಸರ್ಕಾರ ಬಿದ್ದು ಕರ್ನಾಟಕದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರ್ಕಾರ ಬಂತು. ಪತ್ರಿಕೆಯೇ ಸರ್ಕಾರ ಉರುಳಿಸಿತು ಎಂದು ಅದರ ಅಭಿಮಾನಿಗಳು ಹೇಳುತ್ತಾರೆ. ನಾನು ಅಷ್ಟು ದೂರ ಹೋಗುವುದಿಲ್ಲ. ಗೋಲಿಬಾರು, ಗೋಕಾಕ್ ಚಳವಳಿ, ರೈತರ ಸಿಟ್ಟು ಎಲ್ಲ ಸೇರಿ ಉರುಳಿಸಿದವು. ಆ ಸಿಟ್ಟಿಗೆ ವಾರವಾರ ಮಾತು ಒದಗಿಸಿದ್ದು ಪತ್ರಿಕೆ.

ಟ್ಯಾಬ್ಲಾಯ್ಡ್ ಅಳತೆಯ ಪತ್ರಿಕೆ, ಒರಟು ನ್ಯೂಸ್‌ಪ್ರಿಂಟ್ ಕಾಗದ, ಕೈಗೆ ಹತ್ತುವ ಮಸಿ. ಒಳಗೆ ‘ಟೀಕೆ-ಟಿಪ್ಪಣಿ’ ಎಂಬ ಸಂಪಾದಕರ ಬರಹ. ಒಂದು ಮೂಲೆಯಲ್ಲಿ ‘ನೀಲು’ ಎಂಬ ಹೆಣ್ಣಿನ ದನಿಯಲ್ಲಿ ಮೂರು ನಾಲ್ಕು ಸಾಲಿನ ಪದ್ಯ. ರಾಜಕಾರಣಿಯ ಲಂಚದ ಕತೆ ಓದಿ ಮುಗಿಸಿದ ಕಣ್ಣು ಆ ಪದ್ಯದ ಮೇಲೆ ಬೀಳುತ್ತಿತ್ತು. ರಾಯಚೂರಿನ ಬಸ್ ನಿಲ್ದಾಣದಲ್ಲಿ ದಾರಕ್ಕೆ ಜೋತುಬಿದ್ದ ಆ ಸಂಚಿಕೆಯನ್ನು ಕೊಂಡವರು ಹೆಚ್ಚಾಗಿ ಶಾಲೆಯ ಮಾಸ್ತರರು, ಬ್ಯಾಂಕಿನ ನೌಕರರು, ವಕೀಲರು, ಹಾಸ್ಟೆಲಿನ ಹುಡುಗರು. ಮಾಸ್ತರರ ಚೀಲದಲ್ಲಿ ಅದು ಹಳ್ಳಿಗೆ ಬಂದು ಚಹಾದ ಅಂಗಡಿಯ ಬೆಂಚು ಸೇರಿತೆಂದರೆ ವಾರದ ಕೊನೆಗೆ ಮಡಿಕೆ ಹರಿದು, ಮಂಡಾಳು ಒಗ್ಗರಣಿ, ಮಿರ್ಚಿಯ ಎಣ್ಣೆ ಹತ್ತಿ, ಅಕ್ಷರ ಕಾಣದಷ್ಟು ಹಣ್ಣಾಗಿರುತ್ತಿತ್ತು. ಓದು ಬಾರದವರಿಗೆ ಓದಿ ಹೇಳುವವರಿದ್ದರು. 2011ರ ಜನಗಣತಿಯಲ್ಲಿಯೂ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ. 59.56, ರಾಜ್ಯದ್ದು ಶೇ. 75.36. ಎಂಬತ್ತರ ದಶಕದಲ್ಲಿ ಹೇಗಿತ್ತೆಂದು ಇದರಿಂದಲೇ ತಿಳಿದುಕೊಳ್ಳಬಹುದು. ನಮ್ಮಲ್ಲಿ ಪತ್ರಿಕೆಯ ಒಂದು ಪ್ರತಿಗೆ ಒಬ್ಬ ಓದುಗ ಎಂಬ ಲೆಕ್ಕವೇ ಸುಳ್ಳು.

ಜಾಹೀರಾತು ಬೇಡ ಎಂಬ ನಿಲುವನ್ನು ಸಂಪಾದಕರ ಸ್ವಾಭಿಮಾನ, ಪ್ರಾಮಾಣಿಕತೆ ಎಂದು ಹೊಗಳಿ ಮುಂದೆ ಹೋಗುವುದು ರೂಢಿ. ಸ್ವಾಭಿಮಾನ ಇತ್ತು, ನಿಜ. ಆದರೆ ಆ ನಿಲುವಿನಿಂದ ನಮ್ಮಂಥ ಊರುಗಳಿಗೆ ಆದ ಲಾಭ ಬೇರೆಯೇ ಇದೆ. ಜಾಹೀರಾತುದಾರನಿಗೆ ಬೇಕಾದ್ದು ಸೋಪು, ಸ್ಕೂಟರ್, ಸೀರೆ ಕೊಳ್ಳುವ ಕೈ. ಆ ಕೈ ಪಟ್ಟಣದಲ್ಲಿರುತ್ತದೆ. ಅವನ ಹಣದಿಂದ ನಡೆಯುವ ಪತ್ರಿಕೆಗೆ ಪಟ್ಟಣದ ಓದುಗನೇ ದೊಡ್ಡವನು. ಹಿಂದುಳಿದ ತಾಲ್ಲೂಕಿಗೆ ಕಟ್ಟು ಕಳಿಸುವುದು ಅದಕ್ಕೆ ದಂಡದ ಖರ್ಚು. ಮಾರಾಟದ ಹಣದಿಂದ ನಡೆಯುವ ಪತ್ರಿಕೆಗೆ ಜಯನಗರದ ಓದುಗ ಕೊಟ್ಟ ರೂಪಾಯಿಯೂ ಯಾಪಲದಿನ್ನಿಯ ಓದುಗ ಕೊಟ್ಟ ರೂಪಾಯಿಯೂ ಒಂದೇ ತೂಕದ್ದು. ಗುಳೆ ಹೋಗುವವರ ಸುದ್ದಿ, ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟದ ಸುದ್ದಿ, ಜಾತಿಯ ಹೆಸರಿನಲ್ಲಿ ಬಾವಿಯಿಂದ ದೂರ ಇಡುವ ಸುದ್ದಿ ಯಾವ ಕಂಪನಿಯ ಸರಕನ್ನೂ ಮಾರಿಸಿಕೊಡುವುದಿಲ್ಲ. ಆದರೆ ಅದನ್ನು ಅನುಭವಿಸಿದವನೇ ಪತ್ರಿಕೆಯ ಗಿರಾಕಿಯಾದಾಗ ಅದೇ ಮುಖ್ಯ ಸುದ್ದಿ. ಸಾಮಾಜಿಕ ನ್ಯಾಯದ ಪರ ಎಂಬ ಹಣೆಪಟ್ಟಿಗಿಂತ ಈ ಲೆಕ್ಕಾಚಾರ ನನಗೆ ಮುಖ್ಯವಾಗಿ ಕಾಣುತ್ತದೆ. ನ್ಯಾಯದ ಮಾತಾಡುವ ಪತ್ರಿಕೆಗಳು ಮೊದಲೂ ಇದ್ದವು, ಆಮೇಲೂ ಬಂದವು. ಆ ಮಾತಿಗೆ ಬೇಕಾದ ರೊಕ್ಕ ಎಲ್ಲಿಂದ ಬರಬೇಕು ಎಂಬುದಕ್ಕೆ ಉತ್ತರ ಕಂಡುಕೊಂಡವು ತೀರ ಕಡಿಮೆ.

ಓದುಗರನ್ನು ನಂಬಿದ ಪತ್ರಿಕೆ ಅವರ ಕೈಗೆ ಪೆನ್ನನ್ನೂ ಕೊಟ್ಟಿತು. ಇದಕ್ಕೆ ಸಾರಾ ಅಬೂಬಕ್ಕರ್ ಅವರಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಕಾಸರಗೋಡಿನ ಮುಸ್ಲಿಂ ಮನೆತನದ ಹೆಣ್ಣುಮಗಳು, ಮಂಗಳೂರಿನಲ್ಲಿ ಸಂಸಾರ. 1981ರಲ್ಲಿ ಕೋಮು ಸೌಹಾರ್ದದ ಬಗ್ಗೆ ಬರೆದು ಕಳಿಸಿದ ಲೇಖನ ಪತ್ರಿಕೆಯಲ್ಲಿ ಅಚ್ಚಾಯಿತು. ಅದರ ಬೆನ್ನಿಗೇ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ ಧಾರಾವಾಹಿಯಾಗಿ ಬಂತು. ಕತೆಯ ನಾದಿರಾಳನ್ನು ಅವಳ ತಂದೆಯ ಹಟ ಗಂಡನಿಂದ ಬಿಡಿಸುತ್ತದೆ, ತಲಾಖ್ ಆಗುತ್ತದೆ. ಮತ್ತೆ ಅದೇ ಗಂಡನನ್ನು ಕೂಡಬೇಕೆಂದರೆ ನಡುವೆ ಇನ್ನೊಬ್ಬನನ್ನು ಮದುವೆಯಾಗಿ ಒಂದು ರಾತ್ರಿ ಕಳೆದು ಬಿಡುಗಡೆ ಪಡೆಯಬೇಕು. ಆ ಕಟ್ಟಳೆಯ ಎದುರು ನಿಂತ ಹುಡುಗಿಯ ಎದೆಬಡಿತವನ್ನು ಕನ್ನಡದ ಓದುಗರು ವಾರವಾರ ಕಾದು ಓದಿದರು. ಮಸೀದಿ, ದರ್ಗಾ, ಉರುಸು ಎಲ್ಲವೂ ದಿನದ ಬಾಳಿನ ಭಾಗವಾದ ರಾಯಚೂರಿನಂಥ ಊರಿನಲ್ಲಿ ಕೂಡ ಮುಸ್ಲಿಂ ಮನೆಯ ಒಳಗಿನ ಮಾತು ಕನ್ನಡದಲ್ಲಿ, ಅದೂ ಹೆಂಗಸಿನ ಬಾಯಲ್ಲಿ, ಕೇಳಿದ್ದು ಆಗಲೇ. ಪಕ್ಕದ ಮನೆಯ ಸೇಮಿಯಾ ಪಾಯಸ ಉಂಡವರಿಗೂ ಆ ಮನೆಯ ಹೆಣ್ಣಿನ ದುಃಖ ಗೊತ್ತಿರಲಿಲ್ಲ. ಸಾರಾ ಅವರು 2023ರ ಜನವರಿಯಲ್ಲಿ ತೀರಿಕೊಂಡರು.

ಹಾಸನದ ಬಾನು ಮುಷ್ತಾಕ್ ಇದೇ ಪತ್ರಿಕೆಗೆ ವರದಿ ಬರೆಯುತ್ತ ಬೆಳೆದವರು. 2025ರ ಮೇ ತಿಂಗಳಲ್ಲಿ ಅವರ ಕತೆಗಳ ಇಂಗ್ಲಿಷ್ ಸಂಕಲನಕ್ಕೆ, ಅನುವಾದಕಿ ದೀಪಾ ಭಾಸ್ತಿಯವರ ಜೊತೆಗೆ, ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಾಗ ಪತ್ರಿಕೆಗಳೆಲ್ಲ ಲಂಡನ್ನಿನ ಸಭೆಯನ್ನು ವರ್ಣಿಸಿದವು. ಆ ದಾರಿ ಕೋರ್ಟು ಕಚೇರಿ, ಪೊಲೀಸ್ ಠಾಣೆ, ತಾಲ್ಲೂಕು ಆಫೀಸು ಸುತ್ತಿ ವಾರದ ವರದಿ ಕಳಿಸುವ ಕಷ್ಟದ ಕೆಲಸದಿಂದಲೂ ಹಾದುಹೋಗಿತ್ತು ಎಂಬುದನ್ನು ನಾವು ನೆನೆಯಬೇಕು. ಲಂಬಾಣಿ ಸಮುದಾಯದ ಬಿ.ಟಿ. ಲಲಿತಾ ನಾಯಕ್ ಈ ಪುಟಗಳಲ್ಲಿ ಬರೆದರು, ಮುಂದೆ ಮಂತ್ರಿಯೂ ಆದರು. ಲಿಂಗಸುಗೂರು, ದೇವದುರ್ಗದ ತಾಂಡಾಗಳಲ್ಲಿ ಅವರ ಹೆಸರು ಎಷ್ಟು ದೊಡ್ಡದು ಎಂಬುದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’, ‘ಅಣ್ಣನ ನೆನಪು’ ಕೂಡ ಮೊದಲು ಇಲ್ಲಿಯೇ ಬಂದವು. ಮಲೆನಾಡಿನ ಕಾಡು, ಹಕ್ಕಿ, ಏಡಿಗಳ ಕತೆಯನ್ನು ಬೇಸಿಗೆಯಲ್ಲಿ ನೀರಿಗೆ ಕೊಡ ಹೊತ್ತು ಸಾಲು ನಿಲ್ಲುವ ಊರಿನವರು ಅಷ್ಟು ಆಸೆಯಿಂದ ಓದಿದರಲ್ಲ, ಅದೂ ಒಂದು ನೆನಪಿಡುವ ಸಂಗತಿ.

ನಮ್ಮ ಭಾಗದ ಬರಹಗಾರರು ಈ ಪತ್ರಿಕೆಯ ಕೃಪೆಯಿಂದಲೇ ಹುಟ್ಟಿದರು ಎಂದರೆ ತಪ್ಪಾಗುತ್ತದೆ. ಹೆಂಬೆರಾಳಿನ ಶಾಂತರಸರು ಹೈದರಾಬಾದ್ ವಿಮೋಚನೆಯ ಕಾಲದವರು. ಕನ್ನಡಕ್ಕೆ ಗಜಲಿನ ರುಚಿ ಹತ್ತಿಸಿದವರು. 2006ರಲ್ಲಿ ಬೀದರ್ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಜಂಬಣ್ಣ ಅಮರಚಿಂತ, ರಾಜಶೇಖರ ನೀರಮಾನ್ವಿ ತಮ್ಮ ನೆಲದಿಂದಲೇ ಎದ್ದವರು. ಮಾನ್ವಿ ಕಡೆಯ ಅಮರೇಶ ನುಗಡೋಣಿಯವರ ‘ಸವಾರಿ’ ಕತೆಯನ್ನು ಗಿರೀಶ ಕಾಸರವಳ್ಳಿಯವರು 2010ರಲ್ಲಿ ‘ಕನಸೆಂಬ ಕುದುರೆಯನೇರಿ’ ಎಂದು ಸಿನಿಮಾ ಮಾಡಿದರು. ರಾಯಚೂರಿನಿಂದಲೇ ಹೊರಡುವ ‘ಸುದ್ದಿಮೂಲ’, ‘ರಾಯಚೂರು ವಾಣಿ’ ದಿನಪತ್ರಿಕೆಗಳಿವೆ. ಪಟ್ಟಣದ ನಲ್ಲಿಯಿಂದ ಹಳ್ಳಿಯ ಜಾತ್ರೆಯವರೆಗೆ ದಿನದ ಸುದ್ದಿಯ ಹೊರೆ ಹೊತ್ತವು ಅವೇ. ವಾರಪತ್ರಿಕೆ ಮಾಡಿದ ಕೆಲಸ ಬೇರೆ. ರಾಜಧಾನಿಯಲ್ಲಿ ಕೂತವರಿಗೆ ಉತ್ತರ ಕೇಳುವ ಧೈರ್ಯವನ್ನು ಅದು ಓದುವ ಹುಡುಗರಲ್ಲಿ ತುಂಬಿತು. ಮುಂದೆ ಹೈದರಾಬಾದ್ ಕರ್ನಾಟಕದ ಹಿಂದುಳಿದಿರುವಿಕೆಯ ಲೆಕ್ಕ ಕೇಳಿದವರು, ಸಂವಿಧಾನದ 371(ಜೆ) ಕಲಮಿಗಾಗಿ ಬೀದಿಗಿಳಿದವರು ಹಲವರು ಆ ತಲೆಮಾರಿನ ಓದುಗರೇ.

ಇಲ್ಲಿ ಒಂದು ಕೊರಗನ್ನೂ ಹೇಳಬೇಕು. ಪತ್ರಿಕೆಯ ದೃಷ್ಟಿ ಎಷ್ಟು ದೂರ ಹೋದರೂ ಅದರ ಹೊಕ್ಕುಳು ಹಳೆ ಮೈಸೂರು, ಮಲೆನಾಡಿನಲ್ಲಿತ್ತು. ಕೃಷ್ಣೆ ತುಂಗಭದ್ರೆಗಳ ನಡುವಿನ ಈ ದೋ ಆಬ್‌ನ ನಿಜವಾದ ಪ್ರಶ್ನೆಗಳು, ಅಂದರೆ ವಲಸೆ ಬಂದವರ ಕ್ಯಾಂಪುಗಳಿಗೆ ಸೇರಿಹೋದ ನೀರಾವರಿ ಜಮೀನು, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ರೈತ, ದೇವದಾಸಿ ಪದ್ಧತಿ, ಊರಿಗೆ ಊರೇ ಗುಳೆ ಹೋಗುವುದು, ಇವು ಘಟನೆ ನಡೆದಾಗ ಸುದ್ದಿಯಾದವು. ಬಿಡದೆ ಬೆನ್ನು ಹತ್ತುವ ವಿಷಯವಾಗಲಿಲ್ಲ. ಪ್ರೊ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ರಾಜ್ಯದ 114 ತಾಲ್ಲೂಕುಗಳು ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದಿತು. ಆ 39ರಲ್ಲಿ 21 ಗುಲಬರ್ಗಾ ವಿಭಾಗದವು, ದೇವದುರ್ಗ ಅವುಗಳಲ್ಲೊಂದು. ಎಂಬತ್ತರ ದಶಕದಲ್ಲೇ ಯಾರಾದರೂ ಕೂತು ಹಳ್ಳಿ ಹಳ್ಳಿಯ ಲೆಕ್ಕ ತೆಗೆದು ವಾರವಾರ ಬರೆದಿದ್ದರೆ ಸಮಿತಿಗಾಗಿ ಅಷ್ಟು ವರ್ಷ ಕಾಯಬೇಕಿತ್ತೇ ಎಂದು ನನಗೆ ಇಂದಿಗೂ ಅನ್ನಿಸುತ್ತದೆ. ಪ್ರೀತಿಸಿದ ಪತ್ರಿಕೆಯ ಮೇಲೆಯೇ ಇಂಥ ಕೊರಗು ಇರುತ್ತದೆ.

ಓದುಗರ ರೊಕ್ಕಕ್ಕೂ ಅದರದೇ ಬೆಲೆ ತೆರಬೇಕಾಯಿತು. ಓದುಗನಿಗೆ ವಿಚಾರ ಬೇಕು, ಗುಟ್ಟಿನ ಸುದ್ದಿಯೂ ಬೇಕು. ರಾಜಕಾರಣಿಯ ಮಲಗುವ ಕೋಣೆಯ ಮಾತು ಅಂಗಡಿಯಲ್ಲಿ ಬೇಗ ಖರ್ಚಾಗುತ್ತದೆ. ಲಂಕೇಶರ ದಾರಿ ನೋಡಿ ಹುಟ್ಟಿಕೊಂಡ ಎಷ್ಟೋ ಟ್ಯಾಬ್ಲಾಯ್ಡುಗಳು ಅವರ ಸಾಹಿತ್ಯವನ್ನೂ ನೈತಿಕತೆಯನ್ನೂ ಬಿಟ್ಟು ಬೈಗುಳ ಮಾತ್ರ ಎತ್ತಿಕೊಂಡವು, ಕೆಲವು ಬೆದರಿಸಿ ಹಣ ಕೀಳುವ ದಂಧೆಗೂ ಇಳಿದವು. ಪತ್ರಿಕೆ ತಾನೂ ಆ ಗೆರೆಯ ಹತ್ತಿರ ಹೋಗಿ ನಿಂತದ್ದುಂಟು. ಎಂಬತ್ತರ ದಶಕದ ಕೊನೆಗೆ ಲಂಕೇಶರು ಪ್ರಗತಿರಂಗ ಎಂಬ ರಾಜಕೀಯ ವೇದಿಕೆ ಕಟ್ಟಹೋದದ್ದು ಫಲ ಕೊಡಲಿಲ್ಲ. ಸರ್ಕಾರಗಳನ್ನು ತೂಗುತ್ತಿದ್ದವರು ತಾವೇ ತಕ್ಕಡಿಗೆ ಇಳಿದಂತಾಯಿತು. ಇನ್ನೊಂದು ಕೊರತೆ, ಎಲ್ಲವೂ ಒಬ್ಬ ಮನುಷ್ಯನ ಮೇಲೆ ನಿಂತದ್ದು. 1993ರಲ್ಲಿ ‘ಕಲ್ಲು ಕರಗುವ ಸಮಯ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ, ಬೋದಿಲೇರನನ್ನು ಕನ್ನಡಕ್ಕೆ ತಂದ, ಅದೇ ವಾರ ಶಾಸಕನೊಬ್ಬನ ಭ್ರಷ್ಟಾಚಾರವನ್ನೂ ಬರೆಯಬಲ್ಲ ಸಂಪಾದಕ ಮತ್ತೊಬ್ಬ ಸಿಗುವುದಿಲ್ಲ. 2000ದ ಜನವರಿ 25ರಂದು ಲಂಕೇಶರು ಹೋದರು.

ಅವರ ಮಗಳು ಗೌರಿ ಅಲ್ಲಿಯವರೆಗೆ ಇಂಗ್ಲಿಷ್ ಪತ್ರಿಕೋದ್ಯಮದಲ್ಲಿದ್ದವರು. ಕನ್ನಡದಲ್ಲಿ ಬರೆಯುವುದನ್ನು ಅಪ್ಪನ ಪತ್ರಿಕೆಯ ಸಂಪಾದಕಿಯಾದ ಮೇಲೆಯೇ ರೂಢಿಸಿಕೊಂಡರು. 2005ರಲ್ಲಿ ಅಕ್ಕ ತಮ್ಮನ ದಾರಿ ಬೇರೆಯಾಯಿತು. ತಮ್ಮ ಇಂದ್ರಜಿತ್ ಹಳೆಯ ಪತ್ರಿಕೆಯನ್ನು ಇಟ್ಟುಕೊಂಡರು, ಗೌರಿ ‘ಗೌರಿ ಲಂಕೇಶ್ ಪತ್ರಿಕೆ’ ಶುರು ಮಾಡಿದರು. ಮಾರಾಟ ಅಪ್ಪನ ಕಾಲದ್ದಕ್ಕೆ ಸಮನಾಗಲಿಲ್ಲ. ಟೀವಿ ಬಂದಿತ್ತು, ಮೊಬೈಲು ಬಂದಿತ್ತು, ಓದುವವರ ವಾರ ಬೇರೆಯಾಗಿತ್ತು. ಆದರೂ ಜಾಹೀರಾತು ಬೇಡ ಎಂಬ ಮಾತು ಬದಲಾಗಲಿಲ್ಲ. ಗೌರಿ ಕಚೇರಿಯಲ್ಲಿ ಕೂತು ಬರೆಯುವ ಸಂಪಾದಕಿಯಾಗಿ ಉಳಿಯಲಿಲ್ಲ. ಬಾಬಾಬುಡನ್‌ಗಿರಿಯ ವಿವಾದದ ಹೊತ್ತಿನಲ್ಲಿ ಕೋಮು ಸೌಹಾರ್ದ ವೇದಿಕೆಯ ಜೊತೆ ಬೀದಿಯಲ್ಲಿದ್ದರು. ನಕ್ಸಲರು ಶಸ್ತ್ರ ಬಿಟ್ಟು ಮುಖ್ಯವಾಹಿನಿಗೆ ಬರಲು ದಾರಿ ಮಾಡುವ ಕೆಲಸದಲ್ಲಿ ತೊಡಗಿದರು. ಬರಹಕ್ಕೆ ಕೋರ್ಟಿನ ಕಟಕಟೆ ಹತ್ತಿದರು. 2008ರ ಒಂದು ವರದಿಗಾಗಿ ಹೂಡಿದ ಮಾನನಷ್ಟ ಮೊಕದ್ದಮೆಯಲ್ಲಿ 2016ರ ನವೆಂಬರಿನಲ್ಲಿ ಹುಬ್ಬಳ್ಳಿಯ ನ್ಯಾಯಾಲಯ ಆರು ತಿಂಗಳ ಶಿಕ್ಷೆ ವಿಧಿಸಿತು, ಜಾಮೀನು ಸಿಕ್ಕಿತು. ದೊಡ್ಡ ಪತ್ರಿಕಾ ಸಂಸ್ಥೆಗಳಿಗೆ ವಕೀಲರ ಪಡೆ ಇರುತ್ತದೆ. ಓದುಗರ ರೊಕ್ಕದ ಪತ್ರಿಕೆಗೆ ಒಂದೊಂದು ವಾಯಿದೆಯೂ ಸಂಪಾದಕರ ಒಂದೊಂದು ದಿನವನ್ನು, ಕೈಯಲ್ಲಿರುವ ನಾಲ್ಕು ಕಾಸನ್ನು ತಿನ್ನುತ್ತದೆ. ಮೊಕದ್ದಮೆಯ ಉದ್ದೇಶವೇ ಎಷ್ಟೋ ಸಲ ಅದು.

2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ತಮ್ಮ ಮನೆಯ ಬಾಗಿಲಿನಲ್ಲೇ ಗೌರಿ ಗುಂಡೇಟಿಗೆ ಬಲಿಯಾದರು. ಎರಡು ವರ್ಷ ಮೊದಲು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಕೊಂದದ್ದೂ ಅದೇ ಪಿಸ್ತೂಲು ಎಂದು ವಿಧಿವಿಜ್ಞಾನ ಪ್ರಯೋಗಾಲಯ ಹೇಳಿತು. ವಿಜಯಪುರ ಸೀಮೆಯಲ್ಲಿ ಹುಟ್ಟಿ ಶರಣರ ವಚನಗಳನ್ನು ಬಾಳೆಲ್ಲ ಶೋಧಿಸಿದ ಕಲಬುರ್ಗಿ, ಶರಣರನ್ನು ತಮ್ಮ ವಾರದ ಬರಹಕ್ಕೆ ತಂದ ಗೌರಿ, ಇಬ್ಬರೂ ನಮ್ಮ ನೆಲದ ಬಸವಣ್ಣನವರ ಮಾತನ್ನೇ ಬೇರೆ ಬೇರೆ ರೀತಿಯಲ್ಲಿ ಹೇಳುತ್ತಿದ್ದವರು. ಗೌರಿ ಪ್ರಕರಣದ ವಿಚಾರಣೆ 2022ರ ಜುಲೈನಲ್ಲಿ ಶುರುವಾಯಿತು. ಗೌರಿಯವರ ಗೆಳೆಯರು ಟ್ರಸ್ಟ್ ಕಟ್ಟಿಕೊಂಡು ‘ನ್ಯಾಯಪಥ’ ಎಂಬ ಪತ್ರಿಕೆ ತಂದರು. ಒಬ್ಬರ ಹೆಗಲಿನ ಬದಲು ಹಲವರ ಹೆಗಲ ಮೇಲೆ ಪತ್ರಿಕೆ ಹೊರುವ ಆ ಪ್ರಯತ್ನ ಹಳೆಯ ಕೊರತೆಯೊಂದಕ್ಕೆ ಕೊಟ್ಟ ಉತ್ತರ ಎಂದೇ ನಾನು ತಿಳಿಯುತ್ತೇನೆ.

ಸಂಚಿಕೆಯ ಓದುಗರಲ್ಲಿ ಒಂದು ಕೆಲಸದ ಮಾತು. ಟೀಕೆ-ಟಿಪ್ಪಣಿಗಳು ಪುಸ್ತಕವಾಗಿವೆ, ನೀಲು ಪದ್ಯಗಳು ಪುಸ್ತಕವಾಗಿವೆ. ಆದರೆ ಜಿಲ್ಲೆಯ ವರದಿಗಳು, ಓದುಗರ ಪತ್ರಗಳು ನನಗೆ ತಿಳಿದಂತೆ ಯಾವ ಪುಸ್ತಕದಲ್ಲೂ ಇಲ್ಲ. ಈ ಪತ್ರಿಕೆಯನ್ನು ಸಾಕಿದವರ ದನಿ ಇರುವುದು ಅಲ್ಲಿಯೇ. ನಮ್ಮ ಊರುಗಳ ಹಳೆಯ ಮಾಸ್ತರರ ಮನೆಯ ಅಟ್ಟದಲ್ಲಿ ವರ್ಷವರ್ಷದ ಸಂಚಿಕೆಗಳನ್ನು ಹೊಲಿಸಿ ಬೈಂಡು ಮಾಡಿಸಿಟ್ಟ ಕಟ್ಟುಗಳು ಇನ್ನೂ ಸಿಗುತ್ತವೆ. ನ್ಯೂಸ್‌ಪ್ರಿಂಟಿಗೆ ಆಯುಷ್ಯ ಕಡಿಮೆ, ಅದರಲ್ಲೂ ನಮ್ಮ ಬಿಸಿಲಿಗೆ ಅಂಚು ಪುಡಿಪುಡಿಯಾಗಿ ಉದುರುತ್ತದೆ. ರದ್ದಿಗೆ ಹಾಕುವ ಮೊದಲು ಒಮ್ಮೆ ಹೇಳಿಕಳಿಸಿ. ಯರಗೇರಾದಲ್ಲಿ ವಿಶ್ವವಿದ್ಯಾಲಯವಿದೆ, ರಾಯಚೂರಿನಲ್ಲಿ ಹಳೆಯ ಕಾಲೇಜುಗಳಿವೆ. ಸ್ಕ್ಯಾನ್ ಮಾಡಿ ಇಡುವುದಕ್ಕೆ ಈಗ ದೊಡ್ಡ ಯಂತ್ರವೂ ಬೇಕಿಲ್ಲ, ದೊಡ್ಡ ಮೊತ್ತವೂ ಬೇಕಿಲ್ಲ. ರಾಯಚೂರು, ಮಾನ್ವಿ, ದೇವದುರ್ಗದ ಹೆಸರು ಬಂದ ಪ್ರತಿ ವರದಿಯನ್ನೂ ಪ್ರತಿ ಪತ್ರವನ್ನೂ ವರ್ಷವಾರು ಪಟ್ಟಿ ಮಾಡಿದರೆ 1980ರಿಂದ ಈಚೆಗಿನ ಈ ಜಿಲ್ಲೆಯ ಚರಿತ್ರೆ ಬರೆಯುವವರಿಗೆ ಸರ್ಕಾರಿ ಗ್ಯಾಸೆಟಿಯರಿನಲ್ಲಿ ಸಿಗದ ಸಾಮಗ್ರಿ ಸಿಗುತ್ತದೆ. ಕಟ್ಟುಗಳನ್ನು ಕೊಡಲು ಮನಸ್ಸಿಲ್ಲದವರು ಒಂದು ವಾರ ಎರವಲು ಕೊಟ್ಟರೂ ಸಾಕು. ಪುಟಗಳ ಚಿತ್ರ ತೆಗೆದುಕೊಂಡು ಹಾಗೆಯೇ ಮನೆಗೆ ಮುಟ್ಟಿಸುತ್ತೇವೆ.